ಆಟಿಸಂ: ಇಲಿಯ ಪರೀಕ್ಷೆಯಿಂದ ಮಗುವನ್ನು ಅಳೆಯಬೇಡಿ

ಆಟಿಸಂ, ಅಂದರೆ ಸ್ವಲೀನತೆ ಇರುವ ಮಕ್ಕಳಿಗೆ ಪರರ ನೋವು ಅರ್ಥವಾಗುವುದಿಲ್ಲ, ಅವರಲ್ಲಿ ಕರುಣೆಯೇ ಇಲ್ಲ ಎಂಬ ಮಾತು ಓದು ಬಲ್ಲವರ ಬಾಯಲ್ಲೂ ಕೇಳಿಬರುತ್ತದೆ. ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ಕಂಡುಕೊಂಡಿದ್ದಾರೆಂದು ಅದಕ್ಕೆ ಒಗ್ಗರಣೆಯೂ ಬೀಳುತ್ತದೆ. ಮನೆಯಲ್ಲಿ ಅಂಥ ಮಗುವಿರುವ ತಾಯಿಗೆ ಈ ಮಾತು ಎಷ್ಟು ಚುಚ್ಚುತ್ತದೆಂದು ಹೇಳಬೇಕಾಗಿಲ್ಲ. ಆ ಪ್ರಯೋಗಗಳು ಏನನ್ನು ತೋರಿಸಿವೆ, ಏನನ್ನು ತೋರಿಸಿಲ್ಲ ಎಂಬುದನ್ನು ದನಕರು ಸಾಕಿ ಬಲ್ಲ ನಾವು ತುಸು ಸಾವಧಾನವಾಗಿ ನೋಡೋಣ.

ಮೊದಲಿಗೆ ಒಂದು ಸಂತೋಷದ ವಿಷಯ. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಗೂಡಿನಲ್ಲಿ ಜೊತೆಗಿದ್ದ ಎರಡು ಇಲಿಗಳ ಪೈಕಿ ಒಂದನ್ನು ಇಕ್ಕಟ್ಟಾದ ಕೊಳವೆಯೊಳಗೆ ಕೂಡಿಹಾಕಲಾಯಿತು. ಹೊರಗಿದ್ದ ಇಲಿ ಸುತ್ತಲೂ ಓಡಾಡಿ, ಮೂಸಿ, ಕೊನೆಗೆ ಬಾಗಿಲು ತೆರೆಯುವುದನ್ನು ತಾನೇ ಕಲಿಯಿತು. ಮೂವತ್ತರಲ್ಲಿ 23 ಇಲಿಗಳು ಹೀಗೆ ಮಾಡಿದವು. ಪಕ್ಕದಲ್ಲಿ ಚಾಕೊಲೇಟ್ ಚೂರುಗಳನ್ನು ಇಟ್ಟಾಗಲೂ ಜೊತೆಗಾರನನ್ನು ಬಿಡಿಸಿದವು, ಎಷ್ಟೋ ಸಲ ಒಂದೆರಡು ಚೂರು ಅದಕ್ಕೂ ಉಳಿಸಿದವು. ಇದು ಕರುಣೆಯೋ, ಬರೀ ಜೊತೆಗಾಗಿ ಹಂಬಲವೋ ಎಂದು ಬೇರೆ ವಿಜ್ಞಾನಿಗಳು ತಕರಾರು ತೆಗೆದಿದ್ದಾರೆ. ಅಡಿಕೆ, ತೆಂಗು ಕೊರೆದು ನಷ್ಟ ಮಾಡುವ ಪ್ರಾಣಿಯ ಬಗ್ಗೆ ಇಷ್ಟು ಒಳ್ಳೆಯ ಮಾತು ಕೇಳಲು ನಮಗೂ ಕಷ್ಟವೇ!

ಇನ್ನು ಆಟಿಸಂಗೆ ಬರೋಣ. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಮಾಡುವ ಪರೀಕ್ಷೆ ಹೀಗಿದೆ: ಮೂರು ಕೋಣೆಗಳ ಪೆಟ್ಟಿಗೆಯ ನಡುವೆ ಒಂದು ಸಣ್ಣ ಇಲಿಯನ್ನು ಬಿಡುತ್ತಾರೆ. ಒಂದು ಬದಿಯಲ್ಲಿ ಪರಿಚಯವಿಲ್ಲದ ಇನ್ನೊಂದು ಇಲಿ, ಮತ್ತೊಂದು ಬದಿಯಲ್ಲಿ ಬರೀ ಒಂದು ವಸ್ತು. ಸಾಮಾನ್ಯ ಇಲಿ ಜೊತೆಗಾರನ ಕಡೆಯೇ ಹೆಚ್ಚು ಹೊತ್ತು ಕಳೆಯುತ್ತದೆ. ಬಿಟಿಬಿಆರ್ ಎಂಬ ತಳಿಯ ಇಲಿಗೆ ಎರಡೂ ಒಂದೇ. ಅದು ಮೈ ಉಜ್ಜಿಕೊಳ್ಳುತ್ತಲೇ ಇರುವ ಸ್ವಭಾವದ್ದೂ ಹೌದು. ಆದ್ದರಿಂದ ಅದನ್ನು ಆಟಿಸಂನ 'ಮಾದರಿ' ಎಂದು ಕರೆದರು.

ನನ್ನ ತಕರಾರು ಇಲ್ಲಿಯೇ. ಇಲಿಯ ಲೋಕ ಮೂಗಿನ ಲೋಕ. ಅದು ಜೊತೆಗಾರನ ಬಳಿ ಹೋಗದಿರಲು ವಾಸನೆ ಹಿಡಿಸದಿರಬಹುದು, ಭಯವಿರಬಹುದು. ಹೊಸದಾಗಿ ತಂದ ಹಸು ಹಟ್ಟಿಯ ಮೂಲೆಯಲ್ಲಿ ನಿಂತರೆ ಅದಕ್ಕೆ ಪ್ರೀತಿಯಿಲ್ಲವೆಂದು ಯಾವ ರೈತನೂ ಹೇಳುವುದಿಲ್ಲ. ಮಗುವಿನಲ್ಲಿ ಆಟಿಸಂ ಗುರುತಿಸುವುದು ಮಾತು, ಆಟ, ನೋಟ, ಬೆರೆಯುವ ರೀತಿ ಇವನ್ನೆಲ್ಲ ಗಮನಿಸಿ. ಹತ್ತು ನಿಮಿಷ ಇಲಿ ಯಾವ ಕೋಣೆಯಲ್ಲಿತ್ತು ಎಂಬುದು ಒಂದು ಸುಳಿವು, ಅಷ್ಟೇ.

ಹಾಗೆಂದು ಈ ಕೆಲಸವೆಲ್ಲ ವ್ಯರ್ಥವೆಂದು ನಾನು ಹೇಳುವುದಿಲ್ಲ. ಷ್ಯಾಂಕ್-3 ಎಂಬ ವಂಶವಾಹಿ ಕೆಟ್ಟರೆ ಕೆಲವು ಮಕ್ಕಳಲ್ಲಿ ಆಟಿಸಂ ಕಾಣಿಸಿಕೊಳ್ಳುತ್ತದೆ. ಅದೇ ವಂಶವಾಹಿಯನ್ನು ಕೆಡಿಸಿದ ಇಲಿಗಳು ಗಾಯವಾಗುವಷ್ಟು ಮೈ ಉಜ್ಜಿಕೊಂಡವು (2011). ದೊಡ್ಡದಾದ ಮೇಲೆ ಅದನ್ನು ಸರಿಪಡಿಸಿದಾಗ ಉಜ್ಜುವುದು ಕಡಿಮೆಯಾಗಿ, ಒಡನಾಟ ಸುಧಾರಿಸಿತು, ಆದರೆ ಅಂಜಿಕೆ ಹೋಗಲಿಲ್ಲ (2016). ಮಿದುಳು ಹೇಗೆ ಕೆಲಸ ಮಾಡುತ್ತದೆಂಬುದು ಇಂಥ ಪ್ರಯೋಗಗಳಿಂದಲೇ ತಿಳಿಯಬೇಕು.

ಕಷ್ಟವಾಗುವುದು ಇಲಿಯಿಂದ ನೇರವಾಗಿ ಮಗುವಿಗೆ ಹಾರಿದಾಗ. ಆಕ್ಸಿಟೋಸಿನ್ ಎಂಬ ಹೆಸರು ಹೈನುಗಾರರಿಗೆ ಹೊಸತಲ್ಲ. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ ಹಸುವಿನ ಮಿದುಳಿನಿಂದ ಹೊರಟು ಹಾಲಿಳಿಸುವ ರಸ ಅದು. ಹಸು ಬೆದರಿದರೆ ಹಾಲು ಇಳಿಯದಿರುವುದೂ ಗೊತ್ತು. ಇದನ್ನೇ ಸೂಜಿಯಲ್ಲಿ ಚುಚ್ಚಿ ಹಾಲು ಕರೆಯುವ ಕೆಟ್ಟ ಅಭ್ಯಾಸವೂ ಗೊತ್ತು. ಅಮೆರಿಕದ ಹುಲ್ಲುಗಾವಲಿನ ಒಂದು ಜಾತಿಯ ಇಲಿ ನೊಂದ ಸಂಗಾತಿಯನ್ನು ನೆಕ್ಕಿ ಸಮಾಧಾನಪಡಿಸುತ್ತದೆ. ಮಿದುಳಿನಲ್ಲಿ ಆಕ್ಸಿಟೋಸಿನ್ ಕೆಲಸ ತಡೆದರೆ ಆ ಸಾಂತ್ವನವೂ ನಿಲ್ಲುತ್ತದೆಂದು 2016ರಲ್ಲಿ ತಿಳಿದುಬಂತು. ಹಾಗಾದರೆ ಮಕ್ಕಳ ಮೂಗಿಗೆ ಇದನ್ನು ಸಿಂಪಡಿಸಿದರೆ? ಅಮೆರಿಕದಲ್ಲಿ 290 ಮಕ್ಕಳನ್ನು ಆರಿಸಿ, 24 ವಾರ ಪರೀಕ್ಷಿಸಿದರು. ಅರ್ಧದಷ್ಟು ಮಕ್ಕಳಿಗೆ ಔಷಧಿ, ಉಳಿದವರಿಗೆ ಬರೀ ನೀರಿನಂಥ ಸಿಂಪಡಣೆ. 2021ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಆದ್ದರಿಂದ 'ಪ್ರೀತಿಯ ಹಾರ್ಮೋನು' ಎಂದು ಯಾರಾದರೂ ಮಾರಲು ಬಂದರೆ ತೋಟ ಅಡವಿಟ್ಟು ಹಣ ಕೊಡಬೇಡಿ.

ಕರುಣೆಯ ಪ್ರಶ್ನೆಗೆ ಉತ್ತರ ನನಗೆ ಸಿಗುವುದು ಟೆಂಪಲ್ ಗ್ರಾಂಡಿನ್ ಎಂಬ ಮಹಿಳೆಯ ಬದುಕಿನಲ್ಲಿ. ಅಮೆರಿಕದಲ್ಲಿ 1947ರಲ್ಲಿ ಹುಟ್ಟಿದ ಇವರಿಗೆ ಮೂರೂವರೆ ವರ್ಷದವರೆಗೆ ಮಾತು ಬಂದಿರಲಿಲ್ಲ. ಆಟಿಸಂ ಇರುವ ಇವರು ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳು ಓಣಿಯಲ್ಲಿ ಹಠಾತ್ತಾಗಿ ಏಕೆ ನಿಲ್ಲುತ್ತವೆಂದು ತಿಳಿಯಲು ತಾವೇ ಆ ಓಣಿಗೆ ಇಳಿದು, ದನದ ಕಣ್ಣಿನ ಎತ್ತರದಿಂದ ನೋಡಿದರು. ತೂಗಾಡುವ ಒಂದು ಸರಪಳಿ, ನೆಲದ ಮೇಲಿನ ನೆರಳು, ನೀರಿನ ಹೊಳಪು: ದನ ಬೆದರುತ್ತಿದ್ದದ್ದು ಇವಕ್ಕೆ. ಹತ್ತಾರು ವರ್ಷ ದನ ಓಡಿಸಿದವರಿಗೆ ಕಾಣದ್ದು ಇವರಿಗೆ ಕಂಡಿತು. ಇವರು ಯೋಜಿಸಿದ ದೊಡ್ಡಿಗಳಿಂದ ಅಲ್ಲಿನ ಲಕ್ಷಾಂತರ ದನಗಳ ಭಯ ಕಡಿಮೆಯಾಗಿದೆ. ಎಲ್ಲ ಮಕ್ಕಳೂ ಗ್ರಾಂಡಿನ್ ಆಗುವುದಿಲ್ಲ. ಜೀವನವಿಡೀ ಕೈಹಿಡಿದು ನಡೆಸಬೇಕಾದವರೂ ಇದ್ದಾರೆ. ಆದರೆ ಅಂಥವರಿಗೆ ಕರುಣೆಯಿಲ್ಲ ಎನ್ನುವವರು ಈ ಬದುಕಿಗೆ ಏನು ಹೇಳುತ್ತಾರೆ?

ಪ್ರಾಣಿಗಳ ಮೇಲಿನ ಪ್ರಯೋಗ ಪಾಪವಲ್ಲವೇ ಎಂದು ಕೇಳುವವರಿದ್ದಾರೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಕ್ಯಾಟೆಕಿಸಂ, ಮನುಷ್ಯರ ಆರೈಕೆಗೆ ನೆರವಾಗುವುದಾದರೆ ಮಿತಿಯೊಳಗೆ ಅದನ್ನು ಒಪ್ಪುತ್ತದೆ, ವಿನಾಕಾರಣ ಪ್ರಾಣಿಗಳನ್ನು ನೋಯಿಸುವುದನ್ನು ಒಪ್ಪುವುದಿಲ್ಲ. ಆ ಇಲಿಗಳ ನೋವಿನಿಂದ ಬಂದ ತಿಳಿವನ್ನು ಮಕ್ಕಳನ್ನು ಹಳಿಯಲು ಬಳಸುವುದಂತೂ ಆರೈಕೆಯಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರ ಮಾಡಿಸಿಕೊಳ್ಳಿ. ಮಾತು ತಡವಾದರೆ 'ತಾನಾಗಿ ಬರುತ್ತದೆ' ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಧರ್ಮಕೇಂದ್ರದ ಸಮಿತಿಯವರಲ್ಲಿಯೂ ಒಂದು ವಿನಂತಿ. ಈ ಮಕ್ಕಳಲ್ಲಿ ಅನೇಕರಿಗೆ ದೊಡ್ಡ ಶಬ್ದ ಸಹಿಸಲಾಗುವುದಿಲ್ಲ. ಪೂಜೆಯ ನಡುವೆ ಕಿವಿ ಮುಚ್ಚಿ ಚೀರುವ ಮಗುವನ್ನು ಕಂಡು ಹಿಂದಿನವರು ಗೊಣಗಿದರೆ, ಆ ತಂದೆತಾಯಿ ಮುಂದಿನ ಭಾನುವಾರ ಬರುವುದಿಲ್ಲ. ಪ್ರಥಮ ಪರಮಪ್ರಸಾದದ ತರಗತಿಗೂ ಕಳುಹಿಸುವುದಿಲ್ಲ. ಪಕ್ಕದ ಬಾಗಿಲ ಬಳಿ ಒಂದು ಬೆಂಚನ್ನು ಇಂಥ ಮನೆಯವರಿಗೆಂದು ಬಿಡಿ. ಅಲ್ಲಿರುವ ಧ್ವನಿವರ್ಧಕವನ್ನು ಬೇರೆಡೆಗೆ ತಿರುಗಿಸಿ. ಹಬ್ಬದ ಸುಡುಮದ್ದು ಎಷ್ಟು ಗಂಟೆಗೆ ಎಂಬುದನ್ನು ಹಿಂದಿನ ಭಾನುವಾರವೇ ತಿಳಿಸಿ. ಇವಕ್ಕೆ ಹಣ ಬೇಡ.