ಬೀಗರಿಗೆ ತೋರಿಸದ ಊರುಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮದುವೆಗಳಿಗೆ ದೂರದಿಂದ ಬರುವ ನೆಂಟರಿಗೆ ಆತಿಥೇಯರು ಸೂಚಿಸುವ ಸ್ಥಳಗಳು ಸಾಮಾನ್ಯವಾಗಿ ಎರಡೇ: ಕೊಲ್ಹಾಪುರದ ಮಹಾಲಕ್ಷ್ಮಿ ದೇವಾಲಯ ಮತ್ತು ಗೋಕಾಕ ಜಲಪಾತ. ಎರಡೂ ನೋಡತಕ್ಕವೇ. ಆದರೆ ಈ ಸೂಚನೆಯ ಒಳಗೆ ‘ನಮ್ಮಲ್ಲಿ ನೋಡುವಂಥದ್ದೇನೂ ಇಲ್ಲ’ ಎಂಬ ಒಪ್ಪಿಗೆ ಅಡಗಿದೆ. ಆ ಒಪ್ಪಿಗೆ ಸರಿಯಲ್ಲ.

ಚಿಕ್ಕೋಡಿ ತಾಲ್ಲೂಕಿನ ಸದಲಗಾ ಒಂದನ್ನೇ ನೋಡಬಹುದು. ಕುಂದಕುಂದರ ‘ಪ್ರವಚನಸಾರ’ವನ್ನು 1935ರಲ್ಲಿ ಸಂಪಾದಿಸಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಡಾ. ಆ. ನೇ. ಉಪಾಧ್ಯೆ ಹುಟ್ಟಿದ್ದು ಇಲ್ಲಿ. ಹಿಂದಿಯಲ್ಲಿ ‘ಮೂಕಮಾಟಿ’ ಮಹಾಕಾವ್ಯ ರಚಿಸಿದ ಆಚಾರ್ಯ ವಿದ್ಯಾಸಾಗರರು ಬಾಲ್ಯ ಕಳೆದದ್ದೂ ಇದೇ ಊರಿನಲ್ಲಿ. ಕಾಗವಾಡ ತಾಲ್ಲೂಕಿನ ಶೇಡಬಾಳವು ‘ನಿಸರ್ಗ’ದ ಕಾದಂಬರಿಕಾರ ಮಿರ್ಜಿ ಅಣ್ಣಾರಾಯರ ಊರು, ಆಚಾರ್ಯ ವಿದ್ಯಾನಂದರ ಜನ್ಮಸ್ಥಳವೂ ಹೌದು. ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮ ನಿಪ್ಪಾಣಿಯಿಂದ ದೂರವಿಲ್ಲ. ಇಷ್ಟು ಕಿರಿದಾದ ಸೀಮೆಯಲ್ಲಿ ಇಷ್ಟೊಂದು ವಿದ್ವತ್ತು ಮತ್ತು ತಪಸ್ಸು ಕೂಡಿಬಂದ ನಿದರ್ಶನಗಳು ವಿರಳ.

ಈ ಊರುಗಳಲ್ಲಿ ನೋಡಲು ಕಟ್ಟಡವೇನಿದೆ ಎಂದು ಕೇಳುವವರಿಗೂ ಉತ್ತರವಿದೆ. ನಿಪ್ಪಾಣಿಯ ಸಮೀಪ, ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲೇ ಸ್ತವನಿಧಿ ಕ್ಷೇತ್ರವಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನ ರಾಯಬಾಗದಲ್ಲಿದೆ. ಕೃಷ್ಣೆಯ ದಂಡೆಯಲ್ಲಿ ಯಡೂರಿನ ವೀರಭದ್ರ ದೇವಾಲಯವಿದೆ. ಕಾಗವಾಡದ ಕಡೆಯಿಂದ ಹೊಳೆ ದಾಟಿದರೆ ಖಿದ್ರಾಪುರದ ಕೊಪ್ಪೇಶ್ವರ ಸಿಗುತ್ತದೆ. ಅಥಣಿಯಲ್ಲಿ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠವಿದೆ. 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಪಡೆದ ಕೊಲ್ಹಾಪುರಿ ಚಪ್ಪಲಿಯನ್ನು ಹೊಲಿಯುವ ಅಥಣಿಯ ಕುಶಲಕರ್ಮಿಗಳ ಕೇರಿಯೂ ಅತಿಥಿಯ ಅರ್ಧ ದಿನಕ್ಕೆ ಯೋಗ್ಯವಾದುದೇ. ಮಿರಜ–ಬೆಳಗಾವಿ ರೈಲುಮಾರ್ಗದಲ್ಲಿ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ ಸಾಲಾಗಿ ಬರುವುದರಿಂದ ಪ್ರಯಾಣವೂ ಕಷ್ಟವಲ್ಲ.

ಊಟದ ವಿಷಯದಲ್ಲಿಯೂ ಇದೇ ಮರೆವು ಕಾಣುತ್ತದೆ. ಮಂಟಪದಲ್ಲಿ ಪನೀರು, ಚಾಟ್ ಸಾಲುಗಳು ಬೆಳೆದಂತೆ ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ಹೋಳಿಗೆ, ಕಟ್ಟಿನ ಸಾರು ಹಿಂದೆ ಸರಿಯುತ್ತಿವೆ. ಮದುವೆಯ ಮುನ್ನಾದಿನ ಅತಿಥಿಗಳನ್ನು ಊರಿನ ಖಾನಾವಳಿಗೆ ಕಳುಹಿಸುವುದು ದೊಡ್ಡ ಹೋಟೆಲಿನ ಹೆಸರು ಹೇಳುವುದಕ್ಕಿಂತ ಮೇಲು. ಸೂರ್ಯಾಸ್ತದ ಮೊದಲೇ ಊಟ, ಗಡ್ಡೆ-ಗೆಣಸು ವರ್ಜ್ಯ ಎಂಬ ಜೈನ ಮನೆಗಳ ನಿಯಮವನ್ನು ಹೊರಗಿನವರಿಗೆ ಮೊದಲೇ ತಿಳಿಸಿದರೆ ಮುಜುಗರವಿರದು. ಅದರ ಹಿಂದಿನ ಅಹಿಂಸೆಯ ವಿಚಾರವೂ ತಲುಪುತ್ತದೆ.

ಲೇಖಕರ ಊರುಗಳಲ್ಲಿ ಫಲಕಗಳಿಲ್ಲ, ಮಾರ್ಗದರ್ಶಕರಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಕೇಳುವವರೇ ಇಲ್ಲದ ಕಡೆ ಫಲಕ ಹಾಕುವವರು ಯಾರು? ಸಾಹಿತ್ಯದ ವಿದ್ಯಾರ್ಥಿಗಳು ತಮ್ಮ ಊರಿನ ಬಗ್ಗೆ ಒಂದು ಪುಟ ಬರೆದು ಲಗ್ನಪತ್ರಿಕೆಯೊಂದಿಗೆ ಸೇರಿಸಿದರೆ ಸಾಕು. ಗಡಿಯಲ್ಲಿ ಕನ್ನಡ ಉಳಿಯುವುದು ಘೋಷಣೆಯಿಂದಲ್ಲ. ಮನೆಗೆ ಬಂದ ಬೀಗರಿಗೆ ‘ಇದು ಉಪಾಧ್ಯೆಯವರ ಊರು’ ಎಂದು ಹೇಳಬಲ್ಲ ಮನೆಮಂದಿಯಿಂದ.