ಸಂಘದ ಲೆಕ್ಕದ ಕಡತವೂ ನೀರುಗಂಟಿಯ ಸರದಿಯೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಮುಖ್ಯಸ್ಥರಲ್ಲಿಯೂ ಜಮೀನುದಾರರಲ್ಲಿಯೂ ಅನೇಕರು ಸಹಕಾರ ಸಂಘಗಳ ಮತ್ತು ರೈತ ಉತ್ಪಾದಕ ಕಂಪನಿಗಳ ಆಡಳಿತ ಮಂಡಲಿಯ ಸದಸ್ಯರಾಗಿರುವರು. ಸಂಘಕ್ಕೆ ಎರಡು ಮೂರು ಗಣಕಯಂತ್ರಗಳನ್ನು ಕೊಳ್ಳುವ ಠರಾವಿಗೆ ಇವರು ಸಂತೋಷದಿಂದ ರುಜು ಹಾಕುತ್ತಾರೆ. ಆದರೆ ಆ ಯಂತ್ರಗಳಲ್ಲಿ ಸದಸ್ಯರ ಲೆಕ್ಕವು ಒಂದೇ ಕಡತವಾಗಿ ಉಂಟೋ, ಯಂತ್ರಕ್ಕೊಂದು ಕಡತವಾಗಿ ಒಡೆದುಹೋಗಿದೆಯೋ ಎಂಬುದನ್ನು ವಿಚಾರಿಸುವವರು ವಿರಳ. ಈ ವಿಷಯವನ್ನು ಗುಮಾಸ್ತರಿಗೆ ಬಿಟ್ಟುಬಿಡುವುದು ತರವಲ್ಲವೆಂದು ನಮ್ಮ ಅಭಿಪ್ರಾಯ.

ಒಬ್ಬ ಸದಸ್ಯನ ಸಾಲದ ಬಾಕಿ 40,000 ರೂಪಾಯಿ ಇದೆಯೆಂದು ಭಾವಿಸೋಣ. ಬೆಳಿಗ್ಗೆ ಅವನು ಬಂದು 10,000 ರೂಪಾಯಿ ಕಟ್ಟುತ್ತಾನೆ. ನಗದು ವಿಭಾಗದ ಯಂತ್ರದಲ್ಲಿ ಬಾಕಿ 30,000 ಆಗುತ್ತದೆ. ಮಧ್ಯಾಹ್ನ ಅವನ ಮಗನು ಗೊಬ್ಬರದ ಮಳಿಗೆಯಿಂದ 6,000 ರೂಪಾಯಿನ ಸರಕನ್ನು ಉದ್ದರಿಯಾಗಿ ಒಯ್ಯುತ್ತಾನೆ. ಮಳಿಗೆಯ ಯಂತ್ರದಲ್ಲಿರುವುದು ಹಿಂದಿನ ವಾರ ಪೆನ್ ಡ್ರೈವಿನಿಂದ ತಂದ ನಕಲಾದ ಕಾರಣ ಅಲ್ಲಿ ಬಾಕಿ 46,000 ಎಂದು ಬೀಳುತ್ತದೆ. ವಾಸ್ತವವಾಗಿ ಇರಬೇಕಾದದ್ದು 36,000. ಶನಿವಾರ ಸಂಜೆ ಒಂದು ನಕಲನ್ನು ಇನ್ನೊಂದರ ಮೇಲೆ ಹಾಕಿದಾಗ ಒಂದೋ ಸದಸ್ಯನು ಕಟ್ಟಿದ ಹಣ ಮಾಯವಾಗುತ್ತದೆ, ಇಲ್ಲವೇ ಸಂಘದ ಗೊಬ್ಬರ ಮಾಯವಾಗುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ; ಆದರೂ ಮಾರ್ಚಿ ತಿಂಗಳ ಲೆಕ್ಕಪರಿಶೋಧನೆಯಲ್ಲಿ ಮೋಸವೆಂದೇ ತೋರುವುದು, ಮತ್ತು ಊರಿನಲ್ಲಿ ಇಬ್ಬರು ಮರ್ಯಾದಸ್ಥರ ನಡುವೆ ಮಾತು ನಿಲ್ಲುವುದು.

ಹಳೆಯ ಖಾತೆಪುಸ್ತಕವೇ ಮೇಲಾಗಿತ್ತೆಂದು ಹಿರಿಯರು ಹೇಳುವುದುಂಟು. ಅವರ ಮಾತಿನಲ್ಲಿ ಸತ್ಯಾಂಶವಿದೆ. ಪುಸ್ತಕವು ಒಂದೇ ಆದುದರಿಂದ ಒಬ್ಬನು ಬರೆಯುತ್ತಿರುವಾಗ ಇನ್ನೊಬ್ಬನು ಕಾದಿರಲೇಬೇಕಾಗಿತ್ತು. ಆ ಕಾಯುವಿಕೆಯೇ ಲೆಕ್ಕಕ್ಕೆ ಕಾವಲಾಗಿತ್ತು. ಗಣಕಯಂತ್ರವು ಕಾಯುವಿಕೆಯನ್ನು ತೆಗೆದುಹಾಕಿತು. ಕಾವಲನ್ನು ಮಾತ್ರ ನಾವೇ ಮರಳಿ ಇಡಬೇಕಾಗಿದೆ.

ಅದಕ್ಕೆ ಸುಲಭವಾದ ಮಾರ್ಗವೆಂದರೆ ಕಚೇರಿಯ ಯಂತ್ರಗಳನ್ನೆಲ್ಲ ಕೇಬಲಿನಿಂದ ಕೂಡಿಸಿ, ಲೆಕ್ಕದ ಕಡತವನ್ನು ಒಂದೇ ಯಂತ್ರದಲ್ಲಿಟ್ಟು, ಉಳಿದವರು ಅಲ್ಲಿಂದಲೇ ತೆರೆದು ಬರೆಯುವಂತೆ ಮಾಡುವುದು. 1992ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಆಕ್ಸೆಸ್ ಮೊದಲಾದ ಸಣ್ಣ ಡೇಟಾಬೇಸುಗಳು ಇದಕ್ಕೆ ಅವಕಾಶ ಕೊಡುತ್ತವೆ. ಆದರೆ ಇದರ ಒಳಗುಟ್ಟನ್ನು ತಿಳಿದಿರಬೇಕು. ನಮ್ಮ ಕೆರೆಗಳಲ್ಲಿ ನೀರುಗಂಟಿಯೊಬ್ಬನು ತೂಬಿನ ಬಳಿ ನಿಂತು, ಇಂಥವರ ಗದ್ದೆಗೆ ಇಷ್ಟು ಹೊತ್ತು ಎಂದು ಸರದಿ ಕೊಡುವ ಪದ್ಧತಿ ವಾಚಕರಿಗೆ ಗೊತ್ತೇ ಇದೆ. ಮೇಲೆ ಹೇಳಿದ ಏರ್ಪಾಡಿನಲ್ಲಿ ನೀರುಗಂಟಿಯಿಲ್ಲ. ಪ್ರತಿಯೊಂದು ಯಂತ್ರವೂ ತಾನೇ ಬಂದು ತೂಬನ್ನು ತೆರೆಯುತ್ತದೆ. ಪಕ್ಕದಲ್ಲಿ ತೂಗಹಾಕಿದ ಚೀಟಿಯಂಥ ಒಂದು ಚಿಕ್ಕ ಬೀಗದ ಕಡತವನ್ನು ನೋಡಿ, ಬೇರೆಯವರು ಹಿಡಿದಿರುವ ಸಾಲನ್ನು ಮುಟ್ಟದೆ ಸರಿಯುತ್ತದೆ. ಎಲ್ಲರೂ ಚೀಟಿಗೆ ಮರ್ಯಾದೆ ಕೊಡುವವರೆಗೂ, ದಾರಿ ಕಡಿಯದಿರುವವರೆಗೂ ಕೆಲಸ ಸುಗಮ. ಒಂದು ಯಂತ್ರವು ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ, ತೂಬನ್ನು ತೆರೆದವನು ಹಾಗೆಯೇ ಬಿಟ್ಟುಹೋದಂತಾಗಿ ಇಡೀ ಕಡತವೇ ಕೆಡಬಹುದು. ನಮ್ಮ ಕಡೆ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ.

ಆದಕಾರಣ ಈ ಮಾರ್ಗವನ್ನು ಹಿಡಿದವರು ಕೆಲವು ನಿಬಂಧನೆಗಳನ್ನು ಪಾಲಿಸತಕ್ಕದ್ದು. ಯು.ಪಿ.ಎಸ್. ಯಂತ್ರಗಳಿಗೆ ಮಾತ್ರವಲ್ಲದೆ ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೂ ಇರಬೇಕು. ಹಲವು ಕಡೆ ಇದನ್ನೇ ಮರೆಯುತ್ತಾರೆ. ವೈಫೈ ಮೂಲಕ ಇಂಥ ಕಡತವನ್ನು ತೆರೆಯಬಾರದು, ಏಕೆಂದರೆ ಅದರ ಸಂಪರ್ಕ ಕ್ಷಣಕಾಲ ತಪ್ಪಿದರೂ ಅಪಾಯವೇ. ಲೆಕ್ಕದ ಕೋಷ್ಟಕಗಳನ್ನು ಒಂದು ಕಡತವಾಗಿಯೂ, ಗುಮಾಸ್ತನು ನೋಡುವ ನಮೂನೆಗಳನ್ನು ಇನ್ನೊಂದು ಕಡತವಾಗಿಯೂ ಇಬ್ಭಾಗ ಮಾಡಿಸಿ, ಮೊದಲನೆಯದನ್ನು ಹಂಚಿಕೆಯ ಸ್ಥಳದಲ್ಲಿಟ್ಟು, ಎರಡನೆಯದರ ನಕಲನ್ನು ಪ್ರತಿ ಯಂತ್ರದಲ್ಲಿಯೂ ಇಡತಕ್ಕದ್ದು. ಅಂತರ್ಜಾಲದಲ್ಲಿ ತಾನಾಗಿಯೇ ನಕಲಾಗುವ ಫೋಲ್ಡರಿನಲ್ಲಿ ಲೆಕ್ಕದ ಕಡತವನ್ನು ಇಟ್ಟು ಎಲ್ಲರೂ ಬರೆಯುವುದೆಂದರೆ ಪೆನ್ ಡ್ರೈವಿನ ಅವಾಂತರವನ್ನೇ ವೇಗವಾಗಿ ಮಾಡಿದಂತೆ. ದಿನದ ಕೊನೆಗೆ ಎಲ್ಲರೂ ಹೊರಬಂದ ಮೇಲೆ ಒಂದು ಪ್ರತಿಯನ್ನು ತೆಗೆದು ಬೇರೆ ಕಟ್ಟಡದಲ್ಲಿರಿಸಬೇಕು. ಕೆಲವು ತಿಂಗಳಿಗೊಮ್ಮೆಯಾದರೂ ಆ ಪ್ರತಿಯನ್ನು ತೆರೆದು ನೋಡಬೇಕು. ತೆರೆಯಲಾರದ ಪ್ರತಿಯನ್ನು ವರ್ಷಗಟ್ಟಲೆ ಜೋಪಾನ ಮಾಡಿ ಫಲವೇನು?

ಆಕ್ಸೆಸ್ ಕಡತದ ಪರಿಮಿತಿ 2 ಗಿಗಾಬೈಟ್. ಏಕಕಾಲಕ್ಕೆ 255 ಜನರು ತೆರೆಯಬಹುದೆಂದು ನಿಯಮದಲ್ಲಿದೆ. ಈ ಎರಡನೆಯ ಸಂಖ್ಯೆಯನ್ನು ನಂಬಿ ಯಾರೂ ಮೋಸಹೋಗಬಾರದು. ಒಂದೇ ಕೊಠಡಿಯ ಮೂವರು ನಾಲ್ವರು ಗುಮಾಸ್ತರಿಗೆ ಇದು ತಕ್ಕ ಸಾಧನ, ಅಷ್ಟೆ. ಹೊಸದುರ್ಗದಲ್ಲಿ ಕಡತವನ್ನಿಟ್ಟು ಶ್ರೀರಾಂಪುರದಿಂದ ತೆರೆಯುವುದಾಗಲಿ, ಹೊಳಲ್ಕೆರೆಯಲ್ಲಿಟ್ಟು ರಾಮಗಿರಿಯಿಂದ ಅಡಿಕೆಯ ತೂಕವನ್ನು ಬರೆಯುವುದಾಗಲಿ ಇದರಿಂದ ಆಗತಕ್ಕ ಕೆಲಸವಲ್ಲ. ಅಲ್ಲಿ ನೀರುಗಂಟಿಯೇ ಬೇಕು. ಸರ್ವರ್ ಎಂಬುದು ಅಂಥ ನೀರುಗಂಟಿ. ಕಡತವನ್ನು ಅದೊಂದೇ ಮುಟ್ಟುತ್ತದೆ. ಉಳಿದವರು ಬೇಡಿಕೆಯನ್ನು ಸಲ್ಲಿಸುತ್ತಾರೆ. ಅದು ಸರದಿಯಂತೆ ಬರೆದು ಉತ್ತರ ಕೊಡುತ್ತದೆ. ನಡುವೆ ದಾರಿ ಕಡಿದರೆ ಅರ್ಧ ಬರೆದುದನ್ನು ತಾನೇ ಅಳಿಸಿಹಾಕುತ್ತದೆ.

ಸರ್ಕಾರದ ಭೂಮಿ ಯೋಜನೆಯೇ ಇದಕ್ಕೆ ನಿದರ್ಶನ. ಸುಮಾರು 67 ಲಕ್ಷ ಖಾತೆದಾರರ 2 ಕೋಟಿ ಪಹಣಿಗಳು ಆ ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಹರಡಿಕೊಂಡಿದ್ದವು. ಈ ಶತಮಾನದ ಆರಂಭದಲ್ಲಿ ಅವು ತಾಲ್ಲೂಕು ಕಚೇರಿಗಳ ಸರ್ವರುಗಳಿಗೆ ಸೇರಿದವು; ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು; ತಿದ್ದುವ ನೌಕರನು ಬೆರಳಚ್ಚು ಕೊಟ್ಟೇ ಒಳಹೋಗಬೇಕಾಯಿತು. ಅನಂತರ ತಾಲ್ಲೂಕಿಗೊಂದಾಗಿದ್ದ ಭಂಡಾರಗಳು ರಾಜ್ಯದ ಒಂದೇ ಕೇಂದ್ರಕ್ಕೆ ಬಂದವು. ಆ ಕೂಡಿಕೆಯ ಫಲವೂ ಅದರ ಕಟ್ಟುನಿಟ್ಟೂ ಬರಗಾಲದಲ್ಲಿ ಕಂಡುಬಂದವು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಮೇಲೆ, 2024ರ ಆರಂಭದಲ್ಲಿ 2,000 ರೂಪಾಯಿವರೆಗಿನ ಮೊದಲ ಕಂತನ್ನು ಫ್ರೂಟ್ಸ್ ದಾಖಲೆಯನ್ನು ಆಧಾರವಾಗಿಟ್ಟುಕೊಂಡು ರೈತರ ಬ್ಯಾಂಕು ಖಾತೆಗೆ ನೇರವಾಗಿ ಕಳುಹಿಸಲಾಯಿತು. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಉಳಿದಿದ್ದರೆ, ಉಳುವ ಮಗನಿಗೆ ಯಾವ ಯಂತ್ರವೂ ನೆರವಾಗಲಾರದು. ಒಂದೇ ಕಡತವೆಂದರೆ ತಪ್ಪೂ ಒಂದೇ ಕಡೆ ಇದ್ದು ಎಲ್ಲ ಇಲಾಖೆಗಳಿಗೂ ಹರಿಯುತ್ತದೆ. ಪೌತಿ ಖಾತೆಯನ್ನು ಮುಂದೂಡುತ್ತಿರುವ ಕುಟುಂಬಗಳು ಪ್ರತಿ ಗ್ರಾಮದಲ್ಲಿಯೂ ಉಂಟೆಂಬುದನ್ನು ಮುಖ್ಯಸ್ಥರು ಬಲ್ಲರು.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶದಡಿ ತರಲು ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ 2,516 ಕೋಟಿ ರೂಪಾಯಿನ ಯೋಜನೆಯನ್ನು ಮಂಜೂರು ಮಾಡಿತು. ಆರಂಭದ ಗುರಿ 63,000 ಸಂಘಗಳು. ಇದಕ್ಕೆ ಸೇರಿದ ಸಂಘಗಳು ಸ್ವಂತ ಸರ್ವರಿಗೆ ಹಣ ಹಾಕುವುದು ವ್ಯರ್ಥ. ಸೇರದ ಮಾರಾಟ ಸಂಘ, ಉತ್ಪಾದಕ ಕಂಪನಿ, ನೀರು ಬಳಕೆದಾರರ ಸಂಘಗಳಿಗೆ ಮಾತ್ರ ಮೇಲಿನ ವಿಚಾರ ಇಂದಿಗೂ ಅನ್ವಯಿಸುತ್ತದೆ. ಇವುಗಳಲ್ಲಿ ಒಂದೇ ಕಚೇರಿಯುಳ್ಳವು ಹಂಚಿಕೆಯ ಕಡತದಿಂದ ತೃಪ್ತರಾಗಿರಲಿ. ಹೋಬಳಿಯಲ್ಲಿ ಶಾಖೆಯುಳ್ಳವು ಸರ್ವರಿಗೆ ಹೋಗಲಿ.

ಬದಲಾವಣೆ ಮಾಡುವವರು ಮಾರ್ಚಿ 31ರ ಲೆಕ್ಕ ಮುಗಿದ ಮೇಲೆ ಆರಂಭಿಸುವುದು ಅನುಕೂಲ. ಮೊದಲು ಎಲ್ಲ ನಕಲುಗಳನ್ನೂ ಒಂದೆಡೆ ತಂದು, ಬಾಕಿ ಒಂದಕ್ಕೊಂದು ತಾಳೆಯಾಗದ ಸದಸ್ಯರ ಪಟ್ಟಿಯನ್ನು ಬರೆಸಿ, ಅವರವರ ಪಾಸ್ ಪುಸ್ತಕ ಮತ್ತು ರಸೀತಿಗಳೊಡನೆ ಕರೆಸಿ ಇತ್ಯರ್ಥ ಮಾಡಿ, ಒಪ್ಪಿದ ಮೊತ್ತಕ್ಕೆ ಸದಸ್ಯನ ರುಜುವನ್ನು ಪಡೆದು, ಆ ಮೊತ್ತಗಳನ್ನು ಮಾತ್ರ ಹೊಸ ಕಡತಕ್ಕೆ ಏರಿಸತಕ್ಕದ್ದು. ಹಳೆಯ ನಕಲುಗಳನ್ನು ಒಂದೇ ಡಿಸ್ಕಿಗೆ ತುಂಬಿ, ಮುದ್ರೆ ಹಾಕಿ, ಕಾರ್ಯದರ್ಶಿಯ ಬಳಿಯಲ್ಲದೆ ಅಧ್ಯಕ್ಷರ ಬೀರುವಿನಲ್ಲಿರಿಸುವುದು ಲೇಸು.