ನೋಡುಗರ ತಕ್ಕಡಿ

ಕೆಲಸ ಬಾರದವನು ಕೆಲಸ ಮಾಡುವುದನ್ನು ಕುಳಿತು ನೋಡುವಷ್ಟು ಅಗ್ಗದ ಸುಖ ಇನ್ನೊಂದಿಲ್ಲ. ಬೀದಿಯಲ್ಲಿ ನಲ್ಲಿ ಪೈಪಿಗಾಗಿ ಗುಂಡಿ ತೋಡುತ್ತಿದ್ದರೆ ತೋಡುವವರು ಇಬ್ಬರು, ಸುತ್ತ ನಿಂತು ಸಲಹೆ ಕೊಡುವವರು ಹತ್ತು ಮಂದಿ. ಉರ್ದುವಿನಲ್ಲಿ ಇಂಥವರಿಗೆ 'ತಮಾಷಬೀನ್' ಎನ್ನುತ್ತಾರೆ. ತಮಾಷೆ ನೋಡುವವನು ಎಂಬುದು ಅದರ ಸೀದಾ ಅರ್ಥ. ಹಿಂದೆ ಕೋಠಿಯ ಮೆಟ್ಟಿಲು ಹತ್ತುವವನಿಗೂ ಅದೇ ಹೆಸರಿತ್ತು. ದುಡ್ಡು ಕೊಟ್ಟು, ಇನ್ನೊಬ್ಬರ ಬದುಕನ್ನು ನೋಡಿ, ಕೈ ಒರೆಸಿಕೊಂಡು ಮನೆಗೆ ಬರುವವನು. ಟೆಲಿವಿಷನ್ ನಮ್ಮನ್ನು ಈ ಎರಡನೆಯ ಅರ್ಥದ ತಮಾಷಬೀನರನ್ನಾಗಿ ಮಾಡಿಬಿಟ್ಟಿದೆ. ಅಮೆರಿಕದ 'ಗೋಲ್ಡ್ ರಷ್' ಎಂಬ ರಿಯಾಲಿಟಿ ಶೋ ಮತ್ತು ಅದರ ನೋಡುಗರು ಕೊಟ್ಟ ತೀರ್ಪುಗಳು ಇದಕ್ಕೆ ಒಳ್ಳೆಯ ಸಾಕ್ಷಿ.

2010ರ ಡಿಸೆಂಬರಿನಲ್ಲಿ ಡಿಸ್ಕವರಿ ವಾಹಿನಿಯಲ್ಲಿ ಆರಂಭವಾದ ಕಾರ್ಯಕ್ರಮವಿದು. ಕಥೆ ಸರಳ. 2008ರ ಆರ್ಥಿಕ ಕುಸಿತ ಅಮೆರಿಕದ ಸಣ್ಣ ಊರುಗಳ ಕೆಲಸಗಾರರನ್ನು ನೆಲಕ್ಕೆ ಕೆಡವಿತ್ತು. ಒರೆಗಾನ್ ರಾಜ್ಯದ ಸ್ಯಾಂಡಿ ಎಂಬ ಊರಿನ ಟಾಡ್ ಹಾಫ್‌ಮನ್, ಅವನ ತಂದೆ ಜ್ಯಾಕ್ ಮತ್ತು ಇನ್ನೂ ಕೆಲವರು, ಒಟ್ಟು ಆರು ಮಂದಿ, ಹಳೆಯ ಯಂತ್ರಗಳನ್ನು ಹೇರಿಕೊಂಡು ಅಲಾಸ್ಕಾದ ಪೊರ್ಕುಪೈನ್ ಕ್ರೀಕ್ ಎಂಬ ತೊರೆಗೆ ಚಿನ್ನ ತೆಗೆಯಲು ಹೊರಟರು. ತಂದೆಗೆ ಹಿಂದೊಮ್ಮೆ ಅಲಾಸ್ಕಾದಲ್ಲಿ ಚಿನ್ನ ಹುಡುಕಿ ಸೋತ ಅನುಭವವಿತ್ತು. ಉಳಿದವರಿಗೆ ಅದೂ ಇರಲಿಲ್ಲ. ಮೊದಲ ಬೇಸಗೆಯಲ್ಲಿ 100 ಔನ್ಸ್ ತೆಗೆಯುವ ಆಸೆ. ಸಿಕ್ಕಿದ್ದು 15 ಔನ್ಸಿಗೂ ಕಡಿಮೆ. ನಮ್ಮ ಲೆಕ್ಕದಲ್ಲಿ ಅರ್ಧ ಕಿಲೋ ಕೂಡ ಆಗಲಿಲ್ಲ.

ಇದನ್ನು ನೋಡಿದವರ ಅಭಿಪ್ರಾಯಗಳನ್ನು ಜರಡಿ ಹಿಡಿದರೆ ಮೂರು ಬಗೆ ಉಳಿಯುತ್ತವೆ. ಮೊದಲನೆಯವರು ಬೈಯುವವರು: ಇವರು ಮೂರ್ಖರು, ಯಂತ್ರ ನಡೆಸಲು ಬಾರದವರು, ನಮ್ಮೂರಿನ ಯಾವ ಹುಡುಗನಾದರೂ ಇವರಿಗಿಂತ ಚೆನ್ನಾಗಿ ಅಗೆಯುತ್ತಿದ್ದ ಎನ್ನುವವರು. ಎರಡನೆಯವರು ಹೊಗಳುವವರು: ಸರ್ಕಾರದ ಮುಂದೆ ಕೈ ಚಾಚದೆ ಬೆವರು ಸುರಿಸಿ ಬದುಕಲು ಹೊರಟ ಗಂಡುಗಳು ಎಂದು ಮೆಚ್ಚುವವರು. ಮೂರನೆಯವರು ಬುದ್ಧಿವಂತರು: ಎಲ್ಲವೂ ನಾಟಕ, ಕೆಟ್ಟ ಯಂತ್ರವೂ ನಾಟಕ, ಜಗಳವೂ ನಾಟಕ, ನಾವು ಮೋಸಹೋಗುವವರಲ್ಲ ಎನ್ನುವವರು. ಈ ಮೂವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಆದರೆ ಮೂವರೂ ಒಂದೇ ತಕ್ಕಡಿ ಹಿಡಿದವರು. ಅದರಲ್ಲಿ ಅವರು ತೂಗುವುದು ಗಣಿಗೆ ಇಳಿದವನನ್ನು ಮಾತ್ರ. ಗಣಿಯನ್ನು ಯಾರೂ ತೂಗುವುದಿಲ್ಲ.

ಮೊದಲು ಬೈಯುವವರ ಮಾತು ನೋಡೋಣ. ತೊರೆಯ ಚಿನ್ನವೆಂದರೆ ಬಂಡೆ ಒಡೆದು ತೆಗೆಯುವ ಚಿನ್ನವಲ್ಲ. ಸಾವಿರಾರು ವರ್ಷ ಬೆಟ್ಟ ಸವೆದು, ನೀರು ಹೊತ್ತು ತಂದ ಕಣಗಳು ಅವು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಹಾಗಾಗಿ ಅದು ಜಲ್ಲಿ, ಮರಳುಗಳ ಸಂದಿಯಿಂದ ಜಾರುತ್ತ ತಳಬಂಡೆಯ ಮೇಲೆ ಹೋಗಿ ಕೂರುತ್ತದೆ. ಅದನ್ನು ಮುಟ್ಟಬೇಕಾದರೆ ಮೇಲಿನ ಕಾಡು ಹೋಗಬೇಕು, ಮಣ್ಣು ಹೋಗಬೇಕು, ಮನೆಗಾತ್ರದ ಗುಂಡುಕಲ್ಲುಗಳು ಹೋಗಬೇಕು. ಆಮೇಲೆ ಸಿಗುವ ಜಲ್ಲಿಯನ್ನು ಲಾರಿಗಟ್ಟಲೆ ತಂದು ಇಳಿಜಾರು ತೊಟ್ಟಿಯಲ್ಲಿ ನೀರು ಹಾಯಿಸಿ ತೊಳೆಯಬೇಕು. ಅಷ್ಟು ತೊಳೆದರೂ ಸಿಗುವುದು ಚಿಟಿಕೆಯಷ್ಟು. ವರ್ಷದಲ್ಲಿ ಹಿಮ ಕರಗಿರುವ ಕೆಲವೇ ತಿಂಗಳು ಇದಕ್ಕೆ ಅವಕಾಶ. ಈ ವಿದ್ಯೆ ಬಾರದವರು ಸೋತರು ಎಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಆಶ್ಚರ್ಯವಿರುವುದು ಬೇರೆ ಕಡೆ. ಅದೇ ತೊರೆಯ ದಂಡೆಯಲ್ಲಿ ಜಾನ್ ಷ್ನಾಬೆಲ್ ಎಂಬ ತೊಂಬತ್ತರ ವೃದ್ಧ ವರ್ಷಗಳಿಂದ ಚಿನ್ನ ತೆಗೆಯುತ್ತಿದ್ದರು. ಕೆಲಸ ಬಲ್ಲವರನ್ನೇ ತೋರಿಸಬೇಕೆಂದಿದ್ದರೆ ಕ್ಯಾಮೆರಾ ಮೊದಲ ದಿನವೇ ಅವರ ಅಂಗಳಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಅವರನ್ನು ಸಲಹೆ ಕೊಡುವ ಅಜ್ಜನ ಪಾತ್ರಕ್ಕೆ ಇಟ್ಟುಕೊಂಡು, ಕೆಲಸ ಬಾರದವರ ಹಿಂದೆ ಹೋಯಿತು. ಏಕೆಂದರೆ ಬಲ್ಲವನ ಕೆಲಸದಲ್ಲಿ ಗದ್ದಲವಿಲ್ಲ. ಯಂತ್ರ ಕೆಡುವುದಿಲ್ಲ, ಗೆಳೆಯರು ಜಗಳವಾಡುವುದಿಲ್ಲ, ಹೆಂಡತಿ ಮಕ್ಕಳು ಕಣ್ಣೀರು ಹಾಕುವುದಿಲ್ಲ. ವಾಹಿನಿಗೆ ಬೇಕಾದ ಅದಿರು ಇವರ ಅಜ್ಞಾನವೇ ಆಗಿತ್ತು. ಅದನ್ನು ಅಗೆದು, ತೊಳೆದು, ಜಾಹೀರಾತುಗಳ ನಡುವೆ ಇಟ್ಟು ಮಾರಿತು. ಆರು ಮಂದಿಗೆ 15 ಔನ್ಸ್ ಸಿಗದ ಜಾಗದಲ್ಲಿ ವಾಹಿನಿಗೆ ವರ್ಷಗಟ್ಟಲೆ ಮುಗಿಯದ ಗಣಿ ಸಿಕ್ಕಿತು. ಮೂರ್ಖರೆಂದು ಬೈದವರು ತಪ್ಪದೆ ಮುಂದಿನ ವಾರವೂ ಟೀವಿ ಹಾಕಿದರು. ಆ ಗಣಿಯಲ್ಲಿ ಕೂಲಿಯಿಲ್ಲದೆ ದುಡಿದವರು ಅವರೇ.

ಇನ್ನು ಎಲ್ಲವೂ ನಾಟಕ ಎನ್ನುವವರು. ಕ್ಯಾಮೆರಾ ಇದ್ದಲ್ಲಿ ನಾಟಕ ಇದ್ದೇ ಇರುತ್ತದೆ. ಮದುವೆ ವಿಡಿಯೋದಲ್ಲೂ ಇರುತ್ತದೆ. ಆದರೆ ಕಡಿದ ಮರ ನಾಟಕದ್ದಲ್ಲ. ತಿರುವಿ ಹಾಕಿದ ಹಳ್ಳ ನಾಟಕದ್ದಲ್ಲ. ಒಬ್ಬನ ಕೆಲಸ ಹೋಗಿದ್ದು, ಮನೆಯ ಮೇಲಿನ ಸಾಲ ಉಳಿದಿದ್ದು ನಾಟಕವಲ್ಲ. 'ಇದೆಲ್ಲ ಸುಳ್ಳು' ಎಂದು ಹೇಳಿಬಿಟ್ಟರೆ ಸುಲಭ. ನೋಡಿದ್ದಕ್ಕೆ ಜವಾಬು ಹೇಳಬೇಕಾಗಿಲ್ಲ. ಜಾಣತನ ಇಲ್ಲಿ ಸೋಮಾರಿತನದ ಇನ್ನೊಂದು ಹೆಸರು.

ಹೊಗಳುವವರ ಮಾತಿನಲ್ಲಿ ಸ್ವಲ್ಪ ಕರುಣೆಯಿದೆ, ಆದ್ದರಿಂದ ಅವರೊಡನೆ ಸ್ವಲ್ಪ ಮೆತ್ತಗೆ ಮಾತಾಡಬೇಕು. ದುಡಿಮೆಗೆ ಗೌರವ ಸಲ್ಲಬೇಕು, ನಿಜ. ಆದರೆ ಇವರು ಬೀದಿಗೆ ಬಿದ್ದದ್ದು ಯಾರಿಂದ? ಮನೆ ಸಾಲಗಳನ್ನು ಜೂಜಿನ ಎಲೆಗಳಂತೆ ಕೈಯಿಂದ ಕೈಗೆ ದಾಟಿಸಿದ ಬ್ಯಾಂಕುಗಳಿಂದ. ಆ ಬ್ಯಾಂಕುಗಳನ್ನು ಸರ್ಕಾರ ಕೈಹಿಡಿದು ಎತ್ತಿತು. ಕೆಲಸಗಾರನಿಗೆ ಮಾತ್ರ ಗುದ್ದಲಿ ಕೊಟ್ಟು 'ಸ್ವಾಭಿಮಾನಿ' ಎಂಬ ಬಿರುದು ಕೊಟ್ಟರು. ಅವನ ಸಂಕಟಕ್ಕೆ ಕಾರಣರಾದವರ ಹೆಸರು ಒಂದು ಕಂತಿನಲ್ಲೂ ಚರ್ಚೆಯಾಗದಂತೆ ಅವನ ಧೈರ್ಯವನ್ನು ಮಾತ್ರ ಕೊಂಡಾಡುವುದು ಹೊಗಳಿಕೆಯಲ್ಲ, ಬಾಯಿ ಮುಚ್ಚಿಸುವ ಉಪಾಯ.

ನೋಡುಗರ ತಕ್ಕಡಿಯ ಅಸಲಿ ಬಣ್ಣ ತಿಳಿಯಬೇಕಾದರೆ ಎರಡನೆಯ ಸೀಸನ್ನಿನ ಗಲಾಟೆಯನ್ನು ನೆನೆಯಬೇಕು. ಹಾಫ್‌ಮನ್ ತಂಡ ಅಗೆಯುತ್ತಿದ್ದ ಪೊರ್ಕುಪೈನ್ ಕ್ರೀಕಿನ ಜಾಗ 'ಡಕೋಟಾ' ಫ್ರೆಡ್ ಹರ್ಟ್ ಎಂಬಾತನ ಕೈಗೆ ಹೋಯಿತು. ನೋಡುಗರು ಕೆರಳಿದರು. ಫ್ರೆಡ್ ಕಳ್ಳ, ಬಡವರ ಅನ್ನಕ್ಕೆ ಕೈ ಹಾಕಿದವ, ಬೇರೆಯವರ ಜಾಗ ಕಸಿದವ ಎಂದು ಶಾಪ ಹಾಕಿದರು. ಇಲ್ಲ, ಕಾಗದಪತ್ರ ಅವನ ಕಡೆ ಇದೆ ಎಂದು ಇನ್ನು ಕೆಲವರು ವಕೀಲಿಕೆ ಮಾಡಿದರು. ಎಷ್ಟೊಂದು ನ್ಯಾಯಪ್ರಜ್ಞೆ! ಆದರೆ ಆ ಜಾಗ ಹಾಫ್‌ಮನ್ನರದ್ದೂ ಅಲ್ಲ, ಫ್ರೆಡ್‌ನದ್ದೂ ಅಲ್ಲದ ಒಂದು ಕಾಲವಿತ್ತಲ್ಲ? ಪೊರ್ಕುಪೈನ್‌ನಲ್ಲಿ ಬಿಳಿಯರಿಗೆ ಚಿನ್ನ ಕಂಡದ್ದು 1898ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ಚಿಲ್ಕಾಟ್ ನದಿಯ ಆ ಕಣಿವೆ ಟ್ಲಿಂಗಿಟ್ ಜನರ ನೆಲ. ಸಾಲ್ಮನ್ ಮೀನು ಅವರ ಅನ್ನ. ಅವರ ಕ್ಲುಕ್ವಾನ್ ಎಂಬ ಹಳ್ಳಿ ಇವತ್ತಿಗೂ ಅದೇ ನದಿಯ ದಂಡೆಯಲ್ಲಿದೆ. ಯಾರು ಯಾರಿಂದ ಜಾಗ ಕಸಿದರು ಎಂದು ವಾರಗಟ್ಟಲೆ ಕಚ್ಚಾಡಿದ ನೋಡುಗರ ಲೆಕ್ಕದಲ್ಲಿ ಈ ಹಳ್ಳಿಯೇ ಇರಲಿಲ್ಲ.

ಜಾಗ ಕಳೆದುಕೊಂಡ ಹಾಫ್‌ಮನ್ ತಂಡ ಹೋದದ್ದು ಗಡಿಯಾಚೆ, ಕೆನಡಾದ ಕ್ಲೋಂಡೈಕ್‌ಗೆ. ಅಲ್ಲಿನ ಕಥೆ ಇನ್ನೂ ದೊಡ್ಡದು. 1896ರ ಆಗಸ್ಟಿನಲ್ಲಿ ಅಲ್ಲೊಂದು ತೊರೆಯಲ್ಲಿ ಚಿನ್ನ ಕಂಡಿತು. ಸುದ್ದಿ ಹಬ್ಬಿ ಸುಮಾರು ಒಂದು ಲಕ್ಷ ಜನ ಮನೆಮಠ ಬಿಟ್ಟು ಹೊರಟರು. ಅವರೂ ಗುಮಾಸ್ತರು, ಅಂಗಡಿಯವರು, ಉಪಾಧ್ಯಾಯರು, ಬಹುಪಾಲು ಅನನುಭವಿಗಳೇ. ತಲುಪಿದವರು ಮೂವತ್ತು ನಲವತ್ತು ಸಾವಿರ. ಅವರಲ್ಲಿ ಶ್ರೀಮಂತರಾದವರು ಬೆರಳೆಣಿಕೆಯಷ್ಟು. ಕ್ಲೋಂಡೈಕ್ ಎಂಬ ಹೆಸರೇ ಅಲ್ಲಿನ ಮೂಲ ಜನರಾದ ಟ್ರೊಂಡೆಕ್ ಹ್ವೆಚಿನ್‌ರ ನದಿಯ ಹೆಸರನ್ನು ಹೇಳಲು ಬಾರದೆ ಕೆಡಿಸಿದ್ದು. ನದಿ ಕೂಡುವಲ್ಲಿ ಅವರ ಮೀನಿನ ಬಿಡಾರವಿತ್ತು. ಗಣಿಗಾರರು ಅದನ್ನು ತುಂಬಿಕೊಂಡರು. ಮುಖ್ಯಸ್ಥ ಐಸಾಕ್ ತನ್ನ ಜನರನ್ನು ಕರೆದುಕೊಂಡು ಹೊಳೆಯ ಕೆಳಗಿನ ಮೂಸ್‌ಹೈಡ್ ಎಂಬಲ್ಲಿಗೆ ಹೋದ. ಈ ಗದ್ದಲದಲ್ಲಿ ತಮ್ಮ ಹಾಡುಗಳು ಅಳಿದುಹೋಗುತ್ತವೆ ಎಂದು ಹೆದರಿ, ಅವುಗಳನ್ನು ಅಲಾಸ್ಕಾದಲ್ಲಿದ್ದ ನೆಂಟರಿಗೆ ಕಲಿಸಿ, ಜೋಪಾನ ಮಾಡಿ ಎಂದು ಒಪ್ಪಿಸಿ ಬಂದ. ಚಿನ್ನವನ್ನು ಬ್ಯಾಂಕಿನಲ್ಲಿ ಇಡುವವರನ್ನು ನಾವು ಕಂಡಿದ್ದೇವೆ. ಹಾಡುಗಳನ್ನು ನೆಂಟರ ಮನೆಯಲ್ಲಿ ಅಡವಿಡಬೇಕಾದವರ ಸ್ಥಿತಿ ಎಂಥದ್ದಿರಬೇಕು? ಆ ಜನರಿಗೆ ಸ್ವಯಮಾಡಳಿತದ ಒಪ್ಪಂದ ಸಿಕ್ಕಿದ್ದು ಒಂದು ಶತಮಾನದ ಮೇಲೆ, 1998ರಲ್ಲಿ. ಅವರ ನೆಲವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2023ರಲ್ಲಿ.

ಇಲ್ಲಿಗೆ ಬಂದಾಗ ನೋಡುಗರು ಹೇಳುವ ಮದ್ದು ಒಂದೇ: ಅನುಭವಿಗಳನ್ನು ಕರೆತನ್ನಿ. ಕರೆತಂದರು. ಷ್ನಾಬೆಲ್ ಅಜ್ಜನ ಮೊಮ್ಮಗ ಪಾರ್ಕರ್ ಹದಿಹರೆಯದಲ್ಲೇ ಕೆಲಸ ಕಲಿತು, ಕ್ಲೋಂಡೈಕಿಗೆ ಹೋಗಿ, ಕೆಲವು ವರ್ಷಗಳಲ್ಲಿ ಒಂದೇ ಸೀಸನ್ನಿಗೆ 7,000 ಔನ್ಸ್ ದಾಟಿದ. ನೋಡುಗರು ಚಪ್ಪಾಳೆ ತಟ್ಟಿದರು. 15 ಔನ್ಸಿಗೆ ಅಗೆದ ಗುಂಡಿಗೂ 7,000 ಔನ್ಸಿಗೆ ಅಗೆದ ಗುಂಡಿಗೂ ಇರುವ ವ್ಯತ್ಯಾಸ ಏನೆಂದು ಚಪ್ಪಾಳೆ ತಟ್ಟಿದವರು ಯೋಚಿಸಿದರೆ? ಇನ್ನೊಬ್ಬ ಮಹಾ ಅನುಭವಿ ಟೋನಿ ಬೀಟ್ಸ್. 2014ರಲ್ಲಿ ಅವನ ಗಣಿಯ ಹೊಂಡದ ನೀರಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ ದೃಶ್ಯ ಟೀವಿಯಲ್ಲೇ ಬಂತು. 2017ರಲ್ಲಿ ಯೂಕಾನ್ ನ್ಯಾಯಾಲಯ ಅವನಿಗೂ ಅವನ ಕಂಪನಿಗೂ ಸೇರಿ 30,000 ಡಾಲರಿಗೂ ಹೆಚ್ಚು ದಂಡ ಹಾಕಿತು. ಅವನಿಗೆ ಕೆಲಸ ಬಾರದು ಎಂದು ಯಾರಾದರೂ ಹೇಳಬಲ್ಲರೆ? ಅನುಭವವಿಲ್ಲದವನ ಕೈಯಲ್ಲಿ ಹಳ್ಳ ನಿಧಾನ ಸಾಯುತ್ತದೆ, ಅನುಭವಿಯ ಕೈಯಲ್ಲಿ ಬೇಗ ಸಾಯುತ್ತದೆ. ಅಷ್ಟೇ.

ಅನುಭವವೇ ಉತ್ತರವಾಗಿದ್ದರೆ, ಅದಕ್ಕೆ ಕೊರತೆಯೇ ಇರದ ಗಣಿಯೊಂದು ನಮ್ಮ ರಾಜ್ಯದಲ್ಲೇ ಇತ್ತು. ಕೋಲಾರದ ಆ ಕಥೆಯೂ ಆರಂಭವಾದದ್ದು ಒಬ್ಬ ಹವ್ಯಾಸಿಯಿಂದ. ಬೆಂಗಳೂರಿನ ದಂಡಿನಲ್ಲಿದ್ದ ನಿವೃತ್ತ ಸೈನಿಕ ಮೈಕೆಲ್ ಲವೆಲ್, ಲೆಫ್ಟಿನೆಂಟ್ ವಾರನ್ ಬರೆದಿದ್ದ ಹಳೆಯ ವರದಿಯನ್ನು 1871ರಲ್ಲಿ ಓದಿ ಎತ್ತಿನಗಾಡಿ ಹತ್ತಿದ. ಅನುಮತಿ ಪಡೆದ, ಅಗೆದ, ಬಂಡವಾಳ ಸಾಲದೆ ಹಕ್ಕನ್ನು ಮಾರಿದ. ಕೊನೆಗೆ 1880ರಲ್ಲಿ ಜಾನ್ ಟೇಲರ್ ಕಂಪನಿಯ ತಜ್ಞರು ಬಂದರು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಸುರಂಗ ಇಳಿಯಿತು. ಜಗತ್ತೇ ಬೆರಗಾದ ಜಾಣತನ ಅದು. ಆ ಜಾಣತನದ ಫಲವೇನು? ಒಳಗೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಎದೆ ಗಟ್ಟಿಯಾಗಿ ಕೆಮ್ಮಿ ಕೆಮ್ಮಿ ಹೋದವರು. ಅವರಲ್ಲಿ ಹೆಚ್ಚಿನವರು ತಮಿಳು ನಾಡಿನಿಂದ ಬಂದ ದಲಿತರು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಉಳಿದದ್ದು ಸೈನೈಡ್ ಮಣ್ಣಿನ ಗುಡ್ಡಗಳು, ಮತ್ತು ಕೂಲಿಗಾಗಿ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಜನ. 2018ರಲ್ಲೂ 2022ರಲ್ಲೂ ಅದೇ ಊರಿನ ಹೆಸರು ಹೊತ್ತ ಸಿನಿಮಾಗಳು ದೇಶವನ್ನೆಲ್ಲ ಕುಣಿಸಿದವು. ಆ ಸಿನಿಮಾಗಳಿಗೆ ಶಿಳ್ಳೆ ಹೊಡೆದವರಲ್ಲಿ ಎಷ್ಟು ಮಂದಿ ಆ ರೈಲಿನ ಪ್ರಯಾಣಿಕರನ್ನು ನೆನೆದರು? ತಮಾಷಬೀನ್ ಅಮೆರಿಕದಲ್ಲಿ ಮಾತ್ರ ಇಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಕೋಲಾರದ ಗಣಿ ತನ್ನ ಸುಮಾರು 120 ವರ್ಷದ ಆಯುಷ್ಯದಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್. ನಮ್ಮ ದೇಶ ಈಗ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಅಷ್ಟು ಚಿನ್ನ ಕೊಳ್ಳುತ್ತದೆ. ನಮ್ಮ ನೆಲದಲ್ಲಿ ಈಗ ತೆಗೆಯುವುದು ವರ್ಷಕ್ಕೆ ಒಂದೆರಡು ಟನ್, ಅದೂ ಹೆಚ್ಚಾಗಿ ರಾಯಚೂರಿನ ಹಟ್ಟಿಯಿಂದ. ಉಳಿದದ್ದೆಲ್ಲ ಯಾವುದೋ ನಾಡಿನ ಯಾವುದೋ ಬೆಟ್ಟದ್ದು, ಯಾವುದೋ ಹಳ್ಳದ್ದು. ಮದುವೆ ಮಾತುಕತೆಯಲ್ಲಿ ಎಷ್ಟು ತೊಲ ಹಾಕುತ್ತೀರಿ ಎಂದು ಕೇಳುವ ಬೀಗರು ಆ ಗುಂಡಿಗಳನ್ನು ಅಗೆಸುತ್ತಿರುವ ಯಜಮಾನರು. ಅದು ಕನ್ಯಾದಾನದ ಮಂಟಪವಿರಲಿ, ನಿಕಾಹಿನ ಶಾಮಿಯಾನವಿರಲಿ, ತಕ್ಕಡಿ ಒಂದೇ. ಕೇಳಿದಷ್ಟು ತೊಲ ಹೊಂದಿಸಲಾಗದೆ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳೂ ಈ ಗಣಿಯಲ್ಲಿ ಸಿಕ್ಕಿಬಿದ್ದವರೇ.

ಹಾಫ್‌ಮನ್ ಮತ್ತು ಅವನ ಗೆಳೆಯರು ಸಾಧುಗಳೆಂದು ನಾನು ಹೇಳುತ್ತಿಲ್ಲ. ಮುಂದೆ ಅವರು ಗಯಾನಾದ ಕಾಡಿಗೂ ಹೋಗಿ, ಅಷ್ಟು ನೆಲ ಕೆದಕಿ, 2 ಔನ್ಸ್ ಹಿಡಿದುಕೊಂಡು ಬಂದರು. ಅದಕ್ಕೂ ನೋಡುಗರು ನಕ್ಕರು. ಕಡಿಮೆ ಸಿಕ್ಕಿತೆಂದು ನಕ್ಕರೇ ಹೊರತು ಕಾಡು ಏಕೆ ಕೆದಕಿದಿರಿ ಎಂದು ಕೇಳಲಿಲ್ಲ. ನನ್ನ ತಕರಾರು ಇಷ್ಟೇ. ಸೋತವನನ್ನು ಸೋತದ್ದಕ್ಕಾಗಿ ಬೈಯುವವನು ಗೆದ್ದವನನ್ನು ಏನನ್ನೂ ಕೇಳಲಾರ. ಸೋಲೇ ಅಪರಾಧವಾದಾಗ ಗೆಲುವು ತಾನಾಗಿಯೇ ಪುಣ್ಯವಾಗಿಬಿಡುತ್ತದೆ. ಟೀವಿಯ ಮುಂದೆ ಕಲಿತ ಈ ಪಾಠ ಟೀವಿಯ ಮುಂದೆಯೇ ಉಳಿಯುವುದಿಲ್ಲ. ಅಂಗಡಿ ಮುಚ್ಚಿದ ನೆರೆಯವನನ್ನು, ಬೆಳೆ ಕೈಕೊಟ್ಟ ರೈತನನ್ನು ನೋಡುವಾಗಲೂ ಅದೇ ನಗು ತುಟಿಗೆ ಬರುತ್ತದೆ: 'ಅವನಿಗೆ ಕೆಲಸ ಗೊತ್ತಿಲ್ಲ ಬಿಡಿ.'

ಕಾರ್ಯಕ್ರಮದಲ್ಲಿ ವಾರದ ಕೊನೆಗೆ ಎಲ್ಲರೂ ಮೇಜಿನ ಸುತ್ತ ನಿಂತು ಚಿನ್ನ ತೂಗುತ್ತಾರೆ. ತಕ್ಕಡಿಯ ಅಂಕಿ ಏರುವುದನ್ನು ನೋಡುಗರು ಉಸಿರು ಬಿಗಿಹಿಡಿದು ನೋಡುತ್ತಾರೆ. ಆ ತಟ್ಟೆಯಲ್ಲಿ ಅಗೆದ ನೆಲವನ್ನು, ಕದಡಿದ ನೀರನ್ನು, ಜಾಗ ಬಿಟ್ಟುಹೋದ ಜನರನ್ನು ಇಡುವುದಿಲ್ಲ. ಇಡಬೇಕೆಂದು ಕೇಳುವ ನೋಡುಗರು ಹುಟ್ಟುವವರೆಗೆ ವಾಹಿನಿಗಳು ಅದನ್ನು ತೋರಿಸುವುದೂ ಇಲ್ಲ. ಮೂರ್ಖರು ಯಾರು ಎಂಬ ಚರ್ಚೆ ಅದರ ನಂತರ ಆಗಲಿ.